ಗೌರವದ ಕಾರು, ಲಾಘವದ ಕಾರು

ನಮ್ಮ ತಾತ ಎತ್ತು ಕೊಳ್ಳಲು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗುತ್ತಿದ್ದರು. ಒಂದು ಜೊತೆ ಎತ್ತಿಗೆ ಎರಡು ದಿನ ಹಿಡಿಯುತ್ತಿತ್ತೆಂದು ನಮ್ಮ ತಂದೆ ಹೇಳುತ್ತಿದ್ದುದುಂಟು. ಮೊದಲನೆಯ ದಿನ ಬರಿಯ ನೋಟ: ಬಾಯಿ ಬಿಡಿಸಿ ಹಲ್ಲು ನೋಡುವುದು, ಮೈಮೇಲಿನ ಸುಳಿ ನೋಡುವುದು, ಕಾಲೆತ್ತಿಸಿ ಗೊರಸು ನೋಡುವುದು, ಸುಮ್ಮನೆ ನಡೆಸಿ ಹಿಂದಿನಿಂದ ನೋಡುವುದು. ಎರಡನೆಯ ದಿನ ನೊಗಕ್ಕೆ ಹೂಡಿ, ಗಾಡಿಯ ತುಂಬ ಜನರನ್ನು ಕೂರಿಸಿ, ಏರು ಹತ್ತಿಸಿ, ಇಳಿಜಾರಿನಲ್ಲಿ ತಡೆದು ನಿಲ್ಲಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ನೋಡುವುದು. ಇಷ್ಟಾದ ಮೇಲೆ ಟವಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ. ಮಾರುವವನು ಅವಸರ ಮಾಡಿದರೆ ತಾತ ಎದ್ದು ಹೊರಟುಬಿಡುತ್ತಿದ್ದರಂತೆ. ಅವಸರ ಮಾಡುವವನ ಎತ್ತಿನಲ್ಲಿ ಏನೋ ಐಬು ಇರಲೇಬೇಕು ಎಂಬುದು ಅವರ ಸಿದ್ಧಾಂತ.

ಅಂಥವರ ಮರಿಮಗ, ನನ್ನ ಅಕ್ಕನ ಮಗ, ಕಳೆದ ತಿಂಗಳು ಬೆಂಗಳೂರಿನ ಒಂದು ಷೋರೂಮಿನಲ್ಲಿ ಹದಿನಾಲ್ಕು ನಿಮಿಷ ಓಡಿಸಿ ನೋಡಿ ಒಂದು ಸ್ಪೋರ್ಟ್ಸ್ ಕಾರನ್ನು ಆರಿಸಿದ. ಬೆಲೆ, ತೆರಿಗೆ, ವಿಮೆ ಎಲ್ಲ ಸೇರಿ ತೊಂಬತ್ತು ಲಕ್ಷ ರೂಪಾಯಿ. ಎಂಟು ವರ್ಷ ಹಗಲಿರುಳು ಕಂಪ್ಯೂಟರಿನ ಮುಂದೆ ಕುಳಿತು ಉಳಿಸಿದ್ದು ಅರ್ಧ, ಬ್ಯಾಂಕಿನ ಸಾಲ ಅರ್ಧ. ಆ ಹದಿನಾಲ್ಕು ನಿಮಿಷವನ್ನು ಗಡಿಯಾರ ನೋಡಿ ಲೆಕ್ಕ ಹಾಕಿದವನು ನಾನೇ. ಏಕೆಂದರೆ ಹಿಂದಿನ ಸೀಟಿನಲ್ಲಿ ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಕುಳಿತಿದ್ದವನು ನಾನು.

ಕನ್ನಡ ಪಾಠ ಹೇಳುವವನಿಗೆ ಕಾರಿನ ಗೊಡವೆ ಏಕೆ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನನ್ನದು ಹನ್ನೆರಡು ವರ್ಷದ ಆಲ್ಟೊ. ಹೊಸ ಸ್ಪೋರ್ಟ್ಸ್ ಕಾರು ಕೊಳ್ಳುವ ಯೋಗ ಈ ಜನ್ಮದಲ್ಲಿ ನನಗಿಲ್ಲ. ಇದೆಲ್ಲ ಹೊಟ್ಟೆಕಿಚ್ಚು ಎಂದು ಯಾರಾದರೂ ಅಂದರೆ ಅದರಲ್ಲಿ ಎರಡಾಣೆಯಷ್ಟು ಸತ್ಯವಿದ್ದೀತು. ಆದರೆ ಗಾಡಿ ಓಡಿಸುವುದೆಂದರೆ ನನಗೆ ಪ್ರಾಣ. ಆದ್ದರಿಂದ ಸ್ಪೋರ್ಟ್ಸ್ ಕಾರು ಎಂಬ ವಸ್ತುವನ್ನು ನಾನು ಹಳಿಯಲು ಹೊರಟಿಲ್ಲ. ಅದನ್ನು ನಾವು ಆರಿಸುವ ರೀತಿಯನ್ನು ಹಳಿಯುತ್ತಿದ್ದೇನೆ. ನಮ್ಮ ಷೋರೂಮುಗಳು ಟೆಸ್ಟ್ ಡ್ರೈವ್ ಎಂದು ಕರೆಯುತ್ತಿರುವುದರಲ್ಲಿ ಪರೀಕ್ಷೆಯ ಅಂಶ ಕಾಸಿನಷ್ಟೂ ಇಲ್ಲ. ನಮ್ಮ ಹುಡುಗರು ತಲೆಯಾಡಿಸಿ ಅದಕ್ಕೆ ಒಪ್ಪಿಕೊಳ್ಳುತ್ತಿರುವುದರಿಂದ ಅವರ ಹಣಕ್ಕೆ ಕುತ್ತು, ರಸ್ತೆಯಲ್ಲಿ ಹೋಗುವ ನಮ್ಮ ನಿಮ್ಮ ಪ್ರಾಣಕ್ಕೂ ಕುತ್ತು. ಇದು ನನ್ನ ವಾದ.

ನಡೆದದ್ದನ್ನು ಹೇಳುತ್ತೇನೆ. ಅಕ್ಕ ಫೋನು ಮಾಡಿ, "ನೀನಾದ್ರೂ ಜೊತೇಲಿ ಹೋಗಿ ನೋಡೋ. ನನ್ನ ಮಾತು ಕೇಳೋ ವಯಸ್ಸು ದಾಟಿದೆ ಅವನಿಗೆ" ಎಂದಳು. ಹೋದೆ. ಗಾಜಿನ ಗೋಡೆ, ತಣ್ಣನೆಯ ಗಾಳಿ, ಗರ್ಭಗುಡಿಯಲ್ಲಿ ಮೂರ್ತಿಗೆ ಹಿಡಿದಂತೆ ಕಾರಿನ ಮೇಲೆ ದೀಪ. ಕಾಫಿ ಬಂತು, ಬಾದಾಮಿ ಬಂತು. ಕೋಟು ತೊಟ್ಟ ಒಬ್ಬ ವಿನಯವಂತ ಹುಡುಗ ಒಂದು ಕಾಗದಕ್ಕೆ ರುಜು ಹಾಕಿಸಿಕೊಂಡ. ಓಡಿಸುವಾಗ ಕಾರಿಗೆ ಗೀರು ಬಿದ್ದರೆ ನಷ್ಟ ನಮ್ಮದೆಂದು ಅದರ ಸಾರಾಂಶ. ಆಮೇಲೆ ಅವನೇ ಮುಂದಿನ ಸೀಟಿನಲ್ಲಿ ಕುಳಿತು ದಾರಿ ತೋರಿಸಿದ. ಸರ್ವಿಸ್ ರಸ್ತೆ, ಮೇಲ್ಸೇತುವೆ, ಅದರ ಕೊನೆಯಲ್ಲಿ ಯೂ ಟರ್ನ್, ಮತ್ತೆ ಷೋರೂಮು. ಒಟ್ಟು ನಾಲ್ಕು ಕಿಲೋಮೀಟರು. ಎಡಗಡೆ ಬಸ್ಸು, ಬಲಗಡೆ ನೀರಿನ ಟ್ಯಾಂಕರು, ಮುಂದೆ ಆಟೋ. ಮೇಲ್ಸೇತುವೆಯ ಮೇಲೆ ಒಂದಿಷ್ಟು ಜಾಗ ಸಿಕ್ಕಿದ ಕೂಡಲೆ ಆ ಹುಡುಗ, "ಸಾರ್, ಈಗ ಒತ್ತಿ!" ಎಂದ. ನಮ್ಮವನು ಒತ್ತಿದ. ನನ್ನ ತಲೆ ಹಿಂದಕ್ಕೆ ಬಡಿಯಿತು, ಕನ್ನಡಕ ಮೂಗಿನಿಂದ ಹಣೆಗೆ ಏರಿತು. ಎರಡು ಉಸಿರಿನಲ್ಲಿ ಮುಂದಿನ ಆಟೋ ಎದುರಿಗೆ ಬಂದು ನಿಂತಂತಾಗಿ ಬ್ರೇಕು. ಅಳಿಯನ ಮುಖ ಹಸಿಮೆಣಸಿನಕಾಯಿ ಅಗಿದವನ ಹಾಗೆ ಕೆಂಪಗೆ ಅರಳಿತ್ತು. "ಹೇಗಿದೆ ಮಾವ!" ಎಂದ.

ಹೇಗಿದೆ ಎಂದು ಹೇಳಲಿ? ಜಾತ್ರೆಯಲ್ಲಿ ದೊಡ್ಡ ರಾಟೆ ಮೇಲಿನಿಂದ ಕೆಳಕ್ಕೆ ಬರುವಾಗಲೂ ಹೊಟ್ಟೆಯಲ್ಲಿ ಹೀಗೆಯೇ ಆಗುತ್ತದೆ. ಅದಕ್ಕೆ ಟಿಕೀಟು ಐವತ್ತು ರೂಪಾಯಿ. ಆ ಹದಿನಾಲ್ಕು ನಿಮಿಷದಲ್ಲಿ ತಿರುವು ಎಂಬುದು ಒಂದೇ ಒಂದು, ಆ ಯೂ ಟರ್ನ್. ಅದನ್ನು ನಾವು ಮಾಡಿದ್ದು ಎಮ್ಮೆಯೊಂದು ದಾಟುವುದನ್ನು ಕಾದು, ಗಂಟೆಗೆ ಎಂಟು ಕಿಲೋಮೀಟರು ವೇಗದಲ್ಲಿ. ಸ್ಪೋರ್ಟ್ಸ್ ಕಾರು ಹುಟ್ಟಿರುವುದೇ ತಿರುವಿಗಾಗಿ. ತಿರುವಿಲ್ಲದ ದಾರಿಯಲ್ಲಿ ಅದನ್ನು ಪರೀಕ್ಷಿಸುವುದೆಂದರೆ ಗಾಯಕನನ್ನು ಕರೆಸಿ, ಅವನ ಕೈಲಿ ಒಂದೇ ಒಂದು ಸಲ ಗಟ್ಟಿಯಾಗಿ 'ಸಾ' ಎನ್ನಿಸಿ, ಮದುವೆಯ ಕಚೇರಿಗೆ ಗೊತ್ತು ಮಾಡಿದ ಹಾಗೆ.

ಆದರೆ ಅಳಿಯನ ದೃಷ್ಟಿಯಲ್ಲಿ ಪರೀಕ್ಷೆ ಮೊದಲೇ ಮುಗಿದಿತ್ತು. ಅವನ ಫೋನಿನಲ್ಲಿ ಒಂದು ಪಟ್ಟಿ ಇದೆ. ಐದು ಕಾರುಗಳು, ಎದುರಿಗೆ ಅಂಕಿಗಳು: ಅಶ್ವಶಕ್ತಿ ಎಷ್ಟು, ಸೊನ್ನೆಯಿಂದ ನೂರು ಕಿಲೋಮೀಟರು ವೇಗಕ್ಕೆ ಎಷ್ಟು ಸೆಕೆಂಡು. ಅವನು ಆರಿಸಿದ ಕಾರಿನ ಎಂಜಿನಿಗೆ ನಾನೂರರ ಹತ್ತಿರ ಅಶ್ವಶಕ್ತಿ, ನೂರಕ್ಕೆ ನಾಲ್ಕೂವರೆ ಸೆಕೆಂಡು. ಪಟ್ಟಿಯಲ್ಲಿ ಅದೇ ಮೊದಲು, ಆದ್ದರಿಂದ ಅದೇ ಉತ್ತಮ. ನನ್ನ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಕಾವ್ಯವಿಮರ್ಶೆ ಬರೆಯುವುದೂ ಹೀಗೆಯೇ: ಉಪಮೆ ಆರು, ರೂಪಕ ನಾಲ್ಕು, ಶ್ಲೇಷೆ ಒಂದು, ಆದ್ದರಿಂದ ಇದು ಮಹಾಕಾವ್ಯ. ಅವರಿಗೆ ನಾನು ಅಂಕ ಕೊಡದಿದ್ದರೆ ಅಳಿಯನಿಗೆ ಏಕೆ ಕೊಡಬೇಕು?

ಈ ನಾಲ್ಕೂವರೆ ಸೆಕೆಂಡಿನ ಮಹಿಮೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಈಗಿನ ಇಂಥ ಕಾರುಗಳಲ್ಲಿ ಈ ಸಾಹಸಕ್ಕೆ ಓಡಿಸುವವನ ಚಾತುರ್ಯವೇನೂ ಬೇಡ. ಎಡಗಾಲಲ್ಲಿ ಬ್ರೇಕು, ಬಲಗಾಲಲ್ಲಿ ಆಕ್ಸಿಲರೇಟರು ಒತ್ತಿ, ಬ್ರೇಕು ಬಿಟ್ಟರೆ ಮಿಕ್ಕದ್ದನ್ನೆಲ್ಲ ಒಳಗಿನ ಕಂಪ್ಯೂಟರು ನೋಡಿಕೊಳ್ಳುತ್ತದೆ. ನಮ್ಮ ಅಕ್ಕ ಕುಳಿತರೂ ನಾಲ್ಕೂವರೆ ಸೆಕೆಂಡೇ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ವೇಗದ ಮಿತಿ ಗಂಟೆಗೆ ೧೦೦ ಕಿಲೋಮೀಟರು. ಅಂದರೆ ಟೋಲು ಕೊಟ್ಟು ಹೊರಟ ನಾಲ್ಕೂವರೆ ಸೆಕೆಂಡಿಗೆ ಕಾನೂನಿನ ದೃಷ್ಟಿಯಲ್ಲಿ ಈ ಕಾರಿನ ಆಟ ಮುಗಿಯಿತು. ಅಲ್ಲಿಂದಾಚೆಗೆ ಅಶ್ವಶಕ್ತಿಯ ಬಹುಪಾಲು ಬೀರುವಿನ ಒಡವೆಯ ಹಾಗೆ ಸುಮ್ಮನೆ ಹೊತ್ತು ತಿರುಗುವುದಕ್ಕೆ. ಸುಮ್ಮನೆ ಹೊತ್ತರೆ ಚಿಂತೆಯಿಲ್ಲ; ಇಪ್ಪತ್ತೊಂಬತ್ತು ವರ್ಷದ ಹುಡುಗ ಸುಮ್ಮನೆ ಹೊರುವುದಿಲ್ಲ ಎಂಬುದೇ ಚಿಂತೆ. ನೂರರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ೨೮ ಮೀಟರು ದಾಟುತ್ತದೆ. ವೇಗ ಎರಡರಷ್ಟಾದರೆ ಬ್ರೇಕು ಹಿಡಿದು ನಿಲ್ಲಿಸಲು ಬೇಕಾದ ದೂರ ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ. ಹೈಸ್ಕೂಲಿನಲ್ಲಿ ನಾವೆಲ್ಲ ಉರುಹೊಡೆದದ್ದೇ ಇದು. ಅಳಿಯನ ಪಟ್ಟಿಯಲ್ಲಿ ನಿಲ್ಲುವ ದೂರಕ್ಕೆ ಒಂದು ಅಂಕಣವೇ ಇರಲಿಲ್ಲ.

ಇನ್ನೊಂದು ಸಂಗತಿ ನನಗೆ ನಗು ತರಿಸಿತು. ಎಂಜಿನಿನ ಗುಡುಗನ್ನು ಕೇಳಿ ಅಳಿಯ ಮರುಳಾಗಿದ್ದ. ಕೋಟಿನ ಹುಡುಗನನ್ನು ಕೆದಕಿ ಕೇಳಿದೆ. ಪಾಪ, ಅವನು ಸುಳ್ಳು ಹೇಳಲಿಲ್ಲ. ಒಳಗೆ ಕೇಳುವ ಶಬ್ದದಲ್ಲಿ ಒಂದು ಭಾಗ ಸ್ಪೀಕರುಗಳಿಂದ ಬರುತ್ತದಂತೆ. ಇದು ಆ ಒಂದು ಕಂಪೆನಿಯ ದೋಷವಲ್ಲ, ಇಂದು ಅನೇಕರು ಪಾಲಿಸುತ್ತಿರುವ ಪದ್ಧತಿ. ಎಂಜಿನು ತುಟಿ ಅಲ್ಲಾಡಿಸುತ್ತದೆ, ಹಿನ್ನೆಲೆ ಗಾಯನ ಬೇರೆಯವರದು!

ಸ್ಪೋರ್ಟ್ಸ್ ಕಾರು ಎಂದರೆ ಕೋಟಿ ಬಾಳುವ, ಭಾರವಾದ, ಅಬ್ಬರದ ವಸ್ತು ಎಂದು ನಾವು ತಿಳಿದಿರುವುದು ಅದರ ವಂಶಾವಳಿಯನ್ನು ಅರಿಯದ್ದರಿಂದ. ಇಂಗ್ಲೆಂಡಿನ ಎಂ.ಜಿ. ಕಂಪೆನಿ ೧೯೨೯ರಲ್ಲಿ ಮಿಡ್ಜೆಟ್ ಎಂಬ ಪುಟ್ಟ ಕಾರನ್ನು ಮಾರಲು ತೊಡಗಿದಾಗ ಅದಕ್ಕೆ ಆಧಾರ ಮಾರಿಸ್ ಮೈನರ್ ಎಂಬ ಅಗ್ಗದ ಸಂಸಾರದ ಕಾರು. ಎಂಜಿನು ೮೪೭ ಸಿ.ಸಿ., ಬೆಲೆ ೧೭೫ ಪೌಂಡು. ೧೯೫೮ರಲ್ಲಿ ಬಂದ ಆಸ್ಟಿನ್-ಹೀಲಿ ಸ್ಪ್ರೈಟ್‌ಗೆ ೯೪೮ ಸಿ.ಸಿ. ಎಂಜಿನು, ೪೩ ಅಶ್ವಶಕ್ತಿ. ಖರ್ಚು ಉಳಿಸಲು ಬಾಗಿಲಿಗೆ ಹೊರಗಡೆ ಹಿಡಿಯೇ ಇಡಲಿಲ್ಲ, ಡಿಕ್ಕಿಗೆ ಹೊರಗಿನಿಂದ ಮುಚ್ಚಳವೂ ಇಲ್ಲ. ದೀಪಗಳೆರಡು ಬಾನೆಟ್ಟಿನ ಮೇಲೆ ಎದ್ದು ನಿಂತು ಕಪ್ಪೆಗಣ್ಣಿನ ಹಾಗೆ ಕಾಣುತ್ತಿದ್ದುದರಿಂದ ಜನ ಅದನ್ನು ಕಪ್ಪೆಗಣ್ಣಿನ ಕಾರು ಎಂದೇ ಕರೆದರು. ಸೊನ್ನೆಯಿಂದ ೬೦ ಮೈಲಿ ವೇಗಕ್ಕೆ ಅದು ಇಪ್ಪತ್ತು ಸೆಕೆಂಡು ತೆಗೆದುಕೊಳ್ಳುತ್ತಿತ್ತು. ನನ್ನ ಆಲ್ಟೊ ಕೂಡ ಅದನ್ನು ಹಿಂದೆ ಹಾಕೀತು. ಆದರೂ ಅದು ಸ್ಪೋರ್ಟ್ಸ್ ಕಾರು, ಜನ ಅದಕ್ಕಾಗಿ ಮುಗಿಬಿದ್ದರು.

೧೯೬೨ರಲ್ಲಿ ಕಾಲಿನ್ ಚ್ಯಾಪ್‌ಮನ್‌ನ ಲೋಟಸ್ ಕಂಪೆನಿ ಎಲಾನ್ ಎಂಬುದನ್ನು ಹೊರತಂದಿತು. ತೂಕ ಏಳುನೂರು ಕಿಲೋಗ್ರಾಮಿನ ಆಸುಪಾಸು. ಮೂವತ್ತು ವರ್ಷದ ಮೇಲೆ, ೧೯೯೨ರಲ್ಲಿ, ಗಾರ್ಡನ್ ಮರೆ ಎಂಬ ಎಂಜಿನಿಯರು ಮೆಕ್‌ಲ್ಯಾರೆನ್ ಎಫ್-೧ ಎಂಬ ಕಾರನ್ನು ರಚಿಸಿದ. ೧೯೯೮ರಲ್ಲಿ ಅದು ಗಂಟೆಗೆ ೩೮೬ ಕಿಲೋಮೀಟರು ಓಡಿ ಲೋಕದ ದಾಖಲೆ ಮಾಡಿತು. ಅಷ್ಟು ದೊಡ್ಡ ಕಾರು ಮಾಡಿದ ಮೇಲೂ ಮರೆಗೆ ಒಂದು ಕೊರಗು ಉಳಿಯಿತಂತೆ: ಹಳೆಯ ಎಲಾನಿನ ಸ್ಟೀರಿಂಗಿನ ಸೊಗಸನ್ನು ಇದರಲ್ಲಿ ತರಲಾಗಲಿಲ್ಲವಲ್ಲ ಎಂದು. ದಾಖಲೆಯ ಕಾರನ್ನು ಕಟ್ಟಿದ ಮನುಷ್ಯನಿಗೇ ಅಂಕಿಯಿಂದ ತೃಪ್ತಿಯಾಗಲಿಲ್ಲ. ಅಂಗೈಗೆ ತಿಳಿಯುವ ಒಂದು ಸುಖಕ್ಕೆ ಆತ ಹಂಬಲಿಸಿದ. ಫೋನಿನ ಪಟ್ಟಿಯಲ್ಲಿ ಈ ಸುಖವನ್ನು ಯಾವ ಅಂಕಣದಲ್ಲಿ ಬರೆಯೋಣ?

ಅಂಗೈಗೆ ತಿಳಿಯುವುದು ಎಂದೆ. ಇದು ಪುಸ್ತಕದ ಮಾತಲ್ಲ. ಕೆಲವು ವರ್ಷಗಳ ಹಿಂದೆ ಇಂಗ್ಲೆಂಡಿನ ಷೆಫೀಲ್ಡಿನಲ್ಲಿರುವ ನನ್ನ ತಮ್ಮನ ಮನೆಗೆ ಬೇಸಗೆ ರಜೆಯಲ್ಲಿ ಹೋಗಿದ್ದೆ. ಅವನ ಹತ್ತಿರ ಹಳೆಯದೊಂದು ಮಾಜ್ದಾ ಎಂ.ಎಕ್ಸ್-೫ ಇತ್ತು. ಜಪಾನಿನವರು ೧೯೮೯ರಲ್ಲಿ, ಎಲಾನಿನಂಥ ಹಳೆಯ ಇಂಗ್ಲಿಷ್ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರತಂದ ಎರಡೇ ಸೀಟಿನ ಪುಟ್ಟ ಕಾರು ಅದು. ಸವಾರನೂ ಕುದುರೆಯೂ ಒಂದೇ ದೇಹವಾಗಬೇಕು ಎಂಬ ತಮ್ಮ ದೇಶದ ಒಂದು ನಾಣ್ಣುಡಿಯನ್ನು ಅದಕ್ಕೆ ಧ್ಯೇಯವಾಗಿ ಇಟ್ಟುಕೊಂಡರು. ೨೦೧೬ರ ಹೊತ್ತಿಗೆ ಹತ್ತು ಲಕ್ಷ ಕಾರು ತಯಾರಾದವು. ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಇಷ್ಟು ಮಾರಾಟವಾದದ್ದು ಬೇರೊಂದಿಲ್ಲ. ತಮ್ಮನ ಕಾರಿನ ಬಣ್ಣ ಅಲ್ಲಲ್ಲಿ ಮಾಸಿತ್ತು, ಬಟ್ಟೆಯ ಚಾವಣಿಯ ಒಂದು ಮೂಲೆ ಸೋರುತ್ತಿತ್ತು. ಅವನ ಬೀದಿಯಲ್ಲಿ ಅಂಥದೇ ಇನ್ನೊಂದಿತ್ತು. ಅದರ ಒಡೆಯ ಅಂಚೆ ಹಂಚುವವನು. ನನ್ನ ಹೆಸರಿಗೆ ಒಂದು ದಿನದ ವಿಮೆ ಮಾಡಿಸಿ ತಮ್ಮ ಕೀಲಿಕೈ ಕೈಗಿಟ್ಟು, "ಹೋಗಿ ಬಾ ಅಣ್ಣ, ಸ್ನೇಕ್ ಪಾಸ್ ಕಡೆಗೆ ಹೋಗು" ಎಂದ.

ಸ್ನೇಕ್ ಪಾಸ್ ಎಂಬುದು ಷೆಫೀಲ್ಡಿನಿಂದ ಗ್ಲಾಸಪ್ಪಿಗೆ ಗುಡ್ಡಗಳ ಮೇಲೆ ಹಾದುಹೋಗುವ ರಸ್ತೆ. ಸುತ್ತಿ ಸುತ್ತಿ ಹತ್ತುತ್ತದೆ, ಸುತ್ತಿ ಸುತ್ತಿ ಇಳಿಯುತ್ತದೆ. ಮರವಿಲ್ಲದ ಬೋಳು ಗುಡ್ಡ, ಮೇಯುವ ಕುರಿ, ಮೋಡ. ನಾನು ಎಲ್ಲಿಯೂ ಐವತ್ತೈದು ಕಿಲೋಮೀಟರು ದಾಟಿದ್ದಿಲ್ಲ, ಪರದೇಶ, ಹೆದರಿಕೆ. ಆದರೆ ಮೂರನೆಯ ತಿರುವಿನ ಹೊತ್ತಿಗೆ ನನಗೊಂದು ವಿಚಿತ್ರ ಅನುಭವವಾಯಿತು. ತಿರುವು ಎಷ್ಟು ಬಿಗಿಯಿದೆ ಎಂಬುದು ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗತೊಡಗಿತು. ಮುಂದಿನ ಚಕ್ರದ ಕೆಳಗೆ ಒದ್ದೆಯಿದ್ದರೆ ಸ್ಟೀರಿಂಗು ತುಸು ಹಗುರಾಗುತ್ತಿತ್ತು, ಒಣ ಡಾಂಬರು ಬಂದರೆ ಮತ್ತೆ ಗಟ್ಟಿ. ಗೇರಿನ ಕೋಲು ಅಂಗೈಯಲ್ಲೇ ಅಡಗುವಷ್ಟು ಗಿಡ್ಡ. ಮಣಿಕಟ್ಟನ್ನು ಆಡಿಸಿದರೆ ಸಾಕು, ಟಕ್ಕೆಂದು ಬೀಳುತ್ತಿತ್ತು. ಸೊಂಟದ ಹಿಂದೆಯೇ ಹಿಂದಿನ ಚಕ್ರಗಳಿದ್ದು, ಕಾರು ನನ್ನನ್ನು ನಡುವೆ ಇಟ್ಟುಕೊಂಡು ತಿರುಗುತ್ತಿರುವಂತೆ ತೋರಿತು. ವೀಣೆ ನುಡಿಸುವವರು ತಂತಿಯನ್ನು ಮಿಡಿದ ಮೇಲೆ ಎಡಗೈಯಿಂದ ಎಳೆದು ಗಮಕ ತರುತ್ತಾರಲ್ಲ, ಅಂಥದೊಂದು ಎಳೆತ. ನಲವತ್ತು ನಿಮಿಷದ ದಾರಿಯಲ್ಲಿ ಹೋಗಿ, ಒಂದು ಕಪ್ಪು ಚಹಾ ಕುಡಿದು, ಅದೇ ದಾರಿಯಲ್ಲಿ ಬಂದೆ. ಹಿಂದಿನಿಂದ ಬಂದ ಹಾಲಿನ ಲಾರಿಗೆ ಎರಡು ಸಲ ದಾರಿ ಬಿಟ್ಟುಕೊಟ್ಟೆ. ಅಷ್ಟು ಸಂತೋಷವಾಗಿ ನಾನು ಹಿಂದೆಂದೂ ಗಾಡಿ ಓಡಿಸಿರಲಿಲ್ಲ. ಅದರ ತೂಕ ಸಾವಿರ ಕಿಲೋಗ್ರಾಮಿಗೆ ತುಸು ಹೆಚ್ಚು ಅಷ್ಟೆ. ನಮ್ಮ ಅಳಿಯ ಆರಿಸಿರುವುದು ಸಾವಿರದ ಏಳುನೂರು.

ನಮ್ಮ ಹಳೆಯ ವೈಯಾಕರಣರಿಗೆ ಇದು ಚೆನ್ನಾಗಿ ತಿಳಿದಿತ್ತು. ಸೂತ್ರದಲ್ಲಿ ಅರ್ಧ ಮಾತ್ರೆ ಉಳಿಸಿದರೆ ಅವರಿಗೆ ಗಂಡುಮಗು ಹುಟ್ಟಿದಷ್ಟು ಸಂಭ್ರಮವಾಗುತ್ತಿತ್ತೆಂದು ಹೇಳುತ್ತಾರೆ. ಕಡಿಮೆಯಲ್ಲಿ ಕೆಲಸ ಸಾಗಿಸುವುದಕ್ಕೆ ಅವರಿಟ್ಟ ಹೆಸರು ಲಾಘವ, ಹಗುರತನ. ಬೇಡದ್ದನ್ನು ಹೊತ್ತಿರುವ ಸೂತ್ರಕ್ಕೆ ಅವರು ಹೊರಿಸುವ ದೋಷದ ಹೆಸರೇನು ಗೊತ್ತೇ? ಗೌರವ. ಗುರುವಾದದ್ದು, ಅಂದರೆ ಭಾರವಾದದ್ದು, ಎಂದಿಷ್ಟೇ ಅದರ ಅರ್ಥ. ಶಾಸ್ತ್ರದಲ್ಲಿ ದೋಷವಾಗಿದ್ದ ಆ ಪದ ನಮ್ಮ ಬಾಯಲ್ಲಿ ಮರ್ಯಾದೆಯಾಯಿತು. ನಮ್ಮ ಪೇಟೆಯಲ್ಲಿ ಸ್ಪೋರ್ಟ್ಸ್ ಕಾರಿಗೂ ಆಗಿರುವುದು ಇದೇ. ಲಾಘವಕ್ಕಾಗಿ ಹುಟ್ಟಿದ ವಸ್ತುವನ್ನು ಗೌರವಕ್ಕಾಗಿ ಕೊಳ್ಳುತ್ತಿದ್ದೇವೆ. ಅಳಿಯನನ್ನೇ ಕೇಳಿದೆ, ಇದೇ ಏಕೆ ಬೇಕು ಎಂದು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಫೀಸಿನಲ್ಲಿ ಎಲ್ಲರೂ ತಿರುಗಿ ನೋಡ್ತಾರೆ ಮಾವ" ಎಂದ. ಸುಳ್ಳಾಡದ ಹುಡುಗ. ಎಂಟು ವರ್ಷ ದುಡಿದವನಿಗೆ ಆ ಆಸೆ ಇರಬಾರದು ಎನ್ನಲು ನಾನು ಯಾರು? ತಿರುಗಿ ನೋಡಿಸಿಕೊಳ್ಳುವುದಕ್ಕೆ ಕೊಳ್ಳುವುದಾದರೆ ಟೆಸ್ಟ್ ಡ್ರೈವಿನ ಅಗತ್ಯವೇ ಇಲ್ಲ. ಬಣ್ಣ ನೋಡಿದರೆ ಸಾಕು. ಓಡಿಸುವುದಕ್ಕೆ ಎಂದು ಬಾಯಲ್ಲಿ ಹೇಳಿ, ನೋಡಿಸಿಕೊಳ್ಳುವುದಕ್ಕೆ ಕೊಳ್ಳುವುದರ ಮೇಲೆ ನನ್ನ ಸಿಟ್ಟು.

ಎದುರುವಾದಗಳು ನನಗೆ ತಿಳಿಯದೆ ಇಲ್ಲ. ಹಳೆಯ ಹಗುರ ಕಾರುಗಳಲ್ಲಿ ಅಪಘಾತವಾದರೆ ದೇವರೇ ಗತಿ, ಇಂದಿನ ಕಾರುಗಳ ಭಾರದಲ್ಲಿ ಏರ್‌ಬ್ಯಾಗು, ಗಟ್ಟಿ ಚೌಕಟ್ಟು, ಪ್ರಾಣ ಉಳಿಸುವ ಎಷ್ಟೋ ಸಾಧನಗಳು ಸೇರಿವೆ ಎನ್ನುತ್ತಾರೆ. ನಿಜ, ಒಪ್ಪಿದೆ, ಕಪ್ಪೆಗಣ್ಣಿನ ಕಾರಿನಲ್ಲಿ ಅಳಿಯನನ್ನು ಹೆದ್ದಾರಿಗೆ ಕಳಿಸಲು ನಾನೂ ಒಪ್ಪೆ. ಆದರೆ ೨೦೧೫ರಲ್ಲಿ ಹೊಸದಾಗಿ ಬಂದ ಎಂ.ಎಕ್ಸ್-೫ರಲ್ಲಿ ಈ ಸಾಧನಗಳೆಲ್ಲ ಇದ್ದೂ ತೂಕ ಸಾವಿರ ಕಿಲೋಗ್ರಾಮಿನ ಹತ್ತಿರವೇ ನಿಂತಿತು. ೨೦೧೨ರಲ್ಲಿ ಟೊಯೋಟಾದವರು ೮೬ ಎಂಬ ಕಾರಿಗೆ ಬೇಕೆಂದೇ ಅಗಲ ಕಡಿಮೆಯಿರುವ, ಹಿಡಿತ ಕಡಿಮೆಯಿರುವ ಟೈರು ಹಾಕಿದರು. ತಮ್ಮದೇ ಪ್ರಿಯಸ್ ಎಂಬ ಸಾಧು ಕಾರಿಗೆ ಹಾಕುತ್ತಿದ್ದ ಜಾತಿಯ ಟೈರು. ಸಾಧಾರಣ ವೇಗದಲ್ಲೇ ಓಡಿಸುವವನಿಗೆ ಕಾರಿನ ಸ್ವಭಾವ ಗೊತ್ತಾಗಲಿ ಎಂಬುದು ಅವರ ಉದ್ದೇಶ. ಮನಸ್ಸು ಮಾಡಿದರೆ ಆಗುತ್ತದೆ.

ಅವೆರಡೂ ನಮ್ಮ ಅಂಗಡಿಗಳಿಗೆ ಬರಲಿಲ್ಲವಲ್ಲ ಎಂದರೆ ಅದಕ್ಕೆ ನನ್ನಲ್ಲಿ ಉತ್ತರವಿಲ್ಲ, ದುಃಖವಿದೆ. ಕಳೆದ ಶತಮಾನದ ಕೊನೆಯಲ್ಲಿ ಗೋವೆಯಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ, ಫೈಬರ್ ಮೈಯ ಪುಟ್ಟ ಕಾರನ್ನು ಮಾಡಿದ್ದರು. ಕೊಳ್ಳುವವರು ಸಾಕಷ್ಟು ಹುಟ್ಟಲಿಲ್ಲ. ಇಪ್ಪತ್ತು ಲಕ್ಷ ಮೀರಿದ ಕಾರಿಗೆ ನಮ್ಮ ರಾಜ್ಯದಲ್ಲಿ ಜೀವಾವಧಿ ತೆರಿಗೆಯೇ ಬೆಲೆಯ ನೂರಕ್ಕೆ ೧೮ರಷ್ಟು. ಅಷ್ಟು ತೆತ್ತ ಮೇಲೆ ಹಗುರವಾದದ್ದನ್ನು, ಸಣ್ಣದನ್ನು ಮನೆಗೆ ತರಲು ಮಧ್ಯಮವರ್ಗದವರಿಗೆ ಜೀವ ಒಪ್ಪುವುದಿಲ್ಲ. ಕೊಟ್ಟ ದುಡ್ಡಿಗೆ ಕಬ್ಬಿಣವಾದರೂ ಹೆಚ್ಚು ಬರಲಿ ಎನ್ನುತ್ತೇವೆ. ಬಡ ದೇಶದಲ್ಲಿ ಸ್ಪೋರ್ಟ್ಸ್ ಕಾರೇ ಚಪಲವೆಂದು ಇನ್ನು ಕೆಲವರು. ಇರಲಿ. ಹಾಗಾದರೆ ವೀಣೆಯೂ ಚಪಲವೇ. ನನ್ನ ಜಗಳ ಅವರ ಜೊತೆಗಲ್ಲ.

ಟೆಸ್ಟ್ ಡ್ರೈವ್ ಹೇಗಿರಬೇಕೆಂದು ಅಳಿಯನಿಗೆ ಹೇಳಿದ್ದನ್ನು ಇಲ್ಲಿಯೂ ಹೇಳುತ್ತೇನೆ. ಒಂದು ಗಂಟೆಗೆ ಕಡಿಮೆಯಿರಕೂಡದು. ತಿರುವಿರುವ ದಾರಿಯಾಗಬೇಕು, ನಂದಿಬೆಟ್ಟವೋ ದೇವರಾಯನದುರ್ಗವೋ, ಬೆಳಗಿನ ಹೊತ್ತು, ನಲವತ್ತರ ವೇಗದಲ್ಲಿ. ಆ ವೇಗದಲ್ಲಿ ಸುಖ ಕೊಡದ ಕಾರು ನೂರೈವತ್ತರಲ್ಲಿ ಕೊಡುವುದು ಸುಖವಲ್ಲ, ಭಯ. ಮಾತಾಡಿಸುವ ಕೋಟಿನ ಹುಡುಗ ಬಾಯಿ ಮ��ಚ್ಚಿಕೊಂಡಿರಬೇಕು, ರೇಡಿಯೋ ಕೂಡ. ಆಮೇಲೆ ಕಾರನ್ನು ನಿಮ್ಮ ಮನೆಗೇ ತರಬೇಕು. ಇದು ಬಹಳ ಮುಖ್ಯ. ರಸ್ತೆಯ ಉಬ್ಬು ಹತ್ತು ಸೆಂಟಿಮೀಟರು ಎತ್ತರ, ೩.೭ ಮೀಟರು ಅಗಲ ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮವಿದೆ. ನಮ್ಮ ಬಡಾವಣೆಯ ಉಬ್ಬು ನೋಡಿದರೆ ಅದರ ಕೆಳಗೆ ಯಾರನ್ನೋ ಹೂಳಿದ್ದಾರೆ ಅನ್ನಿಸುತ್ತದೆ. ಇಂಥ ಕಾರುಗಳ ಹೊಟ್ಟೆಗೂ ನೆಲಕ್ಕೂ ಹನ್ನೆರಡು ಹದಿಮೂರು ಸೆಂಟಿಮೀಟರು ಅಂತರ. ಅಳಿಯನ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಇಳಿಯುವ ಜಾರುದಾರಿಯ ಕೆಳಗೆ ಒಂದು ಏಣು ಇದೆ. ನನ್ನ ಆಲ್ಟೊವೇ ಅಲ್ಲಿ ಕಿರ್ರೆನ್ನುತ್ತದೆ. ತೊಂಬತ್ತು ಲಕ್ಷದ ಕಾರು ಮನೆಯೊಳಕ್ಕೆ ಇಳಿಯುತ್ತದೆಯೇ ಇಲ್ಲವೇ ಎಂದು ನೋಡುವ ಮೊದಲೇ ಅವನು ಎರಡು ಲಕ್ಷ ಮುಂಗಡ ಕೊಟ್ಟಿದ್ದ. "ಇವತ್ತೇ ಕೊಟ್ಟರೆ ಈ ಬಣ್ಣ ಸಿಗುತ್ತೆ ಸಾರ್" ಎಂದಿದ್ದರಂತೆ. ನಮ್ಮ ತಾತನನ್ನು ನೆನೆದುಕೊಂಡೆ.

ಇದೆಲ್ಲ ಕಂಪೆನಿಯವರಿಗೆ ಆಗುವ ಹೋಗುವ ಮಾತೇ ಎಂದು ಕೇಳಬಹುದು. ೧೯೬೧ರ ಮಾರ್ಚಿಯಲ್ಲಿ ಜಾಗ್ವಾರ್ ಕಂಪೆನಿ ಜಿನೀವಾದ ಪ್ರದರ್ಶನದಲ್ಲಿ ಇ-ಟೈಪ್ ಎಂಬ ಕಾರನ್ನು ಮೊದಲ ಬಾರಿಗೆ ತೋರಿಸಿದಾಗ, ಕುಳಿತು ನೋಡಬೇಕೆಂಬ ಜನರ ನೂಕುನುಗ್ಗಲು ತಡೆಯಲಾಗದೆ ಹೋಯಿತು. ಒಂದು ಕಾರು ಸಾಲದು, ಇನ್ನೊಂದು ಬೇಕೆಂದು ಇಂಗ್ಲೆಂಡಿಗೆ ಹೇಳಿ ಕಳಿಸಿದರು. ನಾರ್ಮನ್ ಡ್ಯೂಯಿಸ್ ಎಂಬ ಅವರ ಪರೀಕ್ಷಾ ಚಾಲಕ ಕಾವೆಂಟ್ರಿಯಿಂದ ಹೊರಟು, ಸಮುದ್ರ ದಾಟಿ, ರಾತ್ರಿಯೆಲ್ಲ ಓಡಿಸಿ ಬೆಳಿಗ್ಗೆ ಜಿನೀವಾಕ್ಕೆ ಕಾರು ತಂದು ನಿಲ್ಲಿಸಿದ. ಗಿರಾಕಿ ಕುಳಿತು ನೋಡಲಿ ಎಂದು ಒಂದು ರಾತ್ರಿಯಲ್ಲಿ ಸುಮಾರು ಸಾವಿರ ಕಿಲೋಮೀಟರು! ಬೆಂಗಳೂರಿನಿಂದ ದೇವರಾಯನದುರ್ಗಕ್ಕೆ ಎಪ್ಪತ್ತು.

ಅಳಿಯನಿಗೆ ನನ್ನ ಮಾತು ರುಚಿಸಲಿಲ್ಲ. "ನೀವು ಓಡಿಸೋದು ಆಲ್ಟೊ ಮಾವ" ಎಂದು ಹಲ್ಲು ಬಿಟ್ಟ. ಆದರೂ ಹಿಂದಿನ ಭಾನುವಾರ ನನ್ನ ಬಲವಂತಕ್ಕೆ ಮೈಸೂರಿಗೆ ಬಂದ. ಅಲ್ಲಿ ನನ್ನ ಸ್ನೇಹಿತರ ಪರಿಚಯದ, ನಿವೃತ್ತರಾದ ಒಬ್ಬ ಡಾಕ್ಟರು ತಮ್ಮ ಹದಿನಾಲ್ಕು ವರ್ಷದ ಎರಡು ಸೀಟಿನ ಕಾರನ್ನು ಮಾರಬೇಕೆಂದಿದ್ದಾರೆ. ಹೆಸರು ಬರೆದರೆ ಜಾಹೀರಾತಾದೀತು. ಬೆಲೆ ಹೊಸದರ ಕಾಲುಭಾಗವೂ ಇಲ್ಲ. ಡಾಕ್ಟರು ಕೀಲಿಕೈ ಕೊಟ್ಟು, "ಬೆಟ್ಟಕ್ಕೆ ಹೋಗಿ ಬನ್ನಿ, ಅಷ್ಟರಲ್ಲಿ ನಾನು ಸ್ನಾನ ತಿಂಡಿ ಮುಗಿಸ್ತೀನಿ. ಎರಡನೇ ಗೇರು ಬೆಳಿಗ್ಗೆ ಹೊತ್ತು ಸ್ವಲ್ಪ ಮುನಿಸಿಕೊಳ್ಳುತ್ತೆ, ಅವಸರ ಮಾಡಬೇಡಿ" ಎಂದರು. ಮಾರುವವರೇ ಐಬು ಹೇಳಿದ್ದು ಕೇಳಿ ಅಳಿಯ ನನ್ನ ಮುಖ ನೋಡಿದ.

ಚಾಮುಂಡಿಬೆಟ್ಟದ ದಾರಿಯಲ್ಲಿ ಆರೂವರೆಯ ಹೊತ್ತು. ನಡೆದು ಹತ್ತುವವರು, ಸೈಕಲ್ಲಿನವರು, ಮಂಗಗಳು. ನಲವತ್ತು ದಾಟಲು ಆಸ್ಪದವೇ ಇಲ್ಲ. ಮೊದಲ ಎರಡು ತಿರುವಿನಲ್ಲಿ ಗೇರು ತಪ್ಪಿಸಿ ಮುಗ್ಗರಿಸಿದ. ನಂದಿಯ ಕಡೆಗೆ ತಿರುಗುವ ಹೊತ್ತಿಗೆ ಮಾತು ನಿಂತಿತು. ಎರಡು ಕೈಯೂ ಸ್ಟೀರಿಂಗಿನ ಮೇಲೆ ಸಡಿಲವಾದವು. ಮೇಲೆ ಹೋಗಿ ನಿಲ್ಲಿಸಿ, ಕಾಫಿಯನ್ನೂ ಕೇಳದೆ, "ಇದರಲ್ಲಿ ಏನೂ ಆಗಲೇ ಇಲ್ಲ ಮಾವ, ಸ್ಪೀಡೇ ಹೋಗಲಿಲ್ಲ. ಇನ್ನೊಂದು ಸಲ ಇಳಿದು ಹತ್ತೋಣವೆ?" ಎಂದ. ಹತ್ತಿದೆವು. ಮೂರನೆಯ ಸಲವೂ ಹತ್ತುತ್ತಿದ್ದನೇನೋ, ಡಾಕ್ಟರ ತಿಂಡಿ ಆರೀತೆಂದು ನಾನೇ ತಡೆದೆ. ಆ ಕಾರಿನ ಬಿಡಿಭಾಗ ಸಿಗಬೇಕಾದರೆ ತಿಂಗಳುಗಟ್ಟಲೆ ಕಾಯಬೇಕು, ಚಾವಣಿ ಬದಲಿಸಬೇಕು, ಅಕ್ಕನನ್ನು ಕೂರಿಸಲು ಜಾಗವಿಲ್ಲ. ಇದನ್ನೆಲ್ಲ ಡಾಕ್ಟರೇ ಹೇಳಿದರು. ಅಳಿಯ ಇನ್ನೂ ಏನೂ ತೀರ್ಮಾನಿಸಿಲ್ಲ.

ಆದರೆ ಸೋಮವಾರ ಅವನೇ ಷೋರೂಮಿಗೆ ಫೋನು ಮಾಡಿ, ಆ ಹೊಸ ಕಾರನ್ನು ಒಂದು ಬೆಳಿಗ್ಗೆ ದೇವರಾಯನದುರ್ಗಕ್ಕೆ ಒಯ್ಯಲು ಕೇಳಿದ. ಪರೀಕ್ಷೆಯ ಕಾರು ಹತ್ತು ಕಿಲೋಮೀಟರು ದಾಟಿ ಹೋಗುವಂತಿಲ್ಲ ಎಂದರು. ಹಾಗಾದರೆ ಅಪಾರ್ಟ್‌ಮೆಂಟಿನ ಜಾರುದಾರಿಗಾದರೂ ತನ್ನಿ ಎಂದ. ಮೇಲಿನವರನ್ನು ಕೇಳಿ ಹೇಳುತ್ತೇವೆ ಎಂದರು. ಅವರು ಇನ್ನೂ ಕೇಳುತ್ತಿದ್ದಾರೆ. ಮುಂಗಡ ವಾಪಸು ಕೊಡಿ ಎಂದು ನಿನ್ನೆ ಕಾಗದ ಬರೆದಿದ್ದಾನೆ. ಅದಕ್ಕೆ ಮಾತ್ರ ಕೂಡಲೇ ಉತ್ತರ ಬಂತು, ಮೂರು ವಾರ ಹಿಡಿಯುತ್ತದಂತೆ.